ಗಡಿಯಾರ ನೋಡಿ ಮಾಂಸ ಆರಿಸಿ: ಹಾಂಗ್‌ಕಾಂಗ್‌ನ ಸಿಯು ಮೇ ಅಂಗಡಿಯಲ್ಲಿ ಏನು ತಿನ್ನಬೇಕು?

ಕಳೆದ ವರ್ಷ ಸಕಲೇಶಪುರದಿಂದ ಚಿಕ್ಕಪ್ಪ, ಚಿಕ್ಕಮ್ಮ ಹಾಂಗ್‌ಕಾಂಗ್‌ನ ನಮ್ಮ ಮನೆಗೆ ಬಂದಿದ್ದರು. ವಾನ್ ಚಾಯ್ ಬಡಾವಣೆಯ ಬೀದಿಯೊಂದರಲ್ಲಿ ನಡೆದು ಹೋಗುವಾಗ ಒಂದು ಅಂಗಡಿಯ ಗಾಜಿನ ಮುಂದೆ ನಿಂತ ಚಿಕ್ಕಪ್ಪ ಕದಲಲೇ ಇಲ್ಲ. ಒಳಗೆ ಕೊಕ್ಕೆಗಳಿಗೆ ಸಾಲಾಗಿ ನೇತುಹಾಕಿದ ಕಂದು ಬಣ್ಣದ ಬಾತುಗಳು, ಪಕ್ಕದಲ್ಲಿ ಇನ್ನೂ ದಪ್ಪನೆಯ ಹೆಬ್ಬಾತುಗಳು, ಪಾಕ ಸವರಿ ಮಿನುಗುವ ಕೆಂಪು ಹಂದಿ ಮಾಂಸದ ಪಟ್ಟಿಗಳು, ಚರ್ಮವೆಲ್ಲ ಗುಳ್ಳೆಗುಳ್ಳೆಯಾಗಿ ಉಬ್ಬಿದ ಹಂದಿಯ ಪಕ್ಕೆ, ನಸುಹಳದಿ ಕೋಳಿ. "ಇಷ್ಟರಲ್ಲಿ ಯಾವುದು ತಗೋಬೇಕಮ್ಮಾ?" ಅಂದರು. ನಾನು ಮಾಂಸ ನೋಡುವ ಮೊದಲು ಗಡಿಯಾರ ನೋಡಿದೆ. ಹನ್ನೊಂದು ಮುಕ್ಕಾಲು. "ಈಗಾದರೆ ಆ ಗರಿಗರಿ ಚರ್ಮದ್ದು, ಚಿಕ್ಕಪ್ಪ. ರಾತ್ರಿ ಎಂಟಕ್ಕೆ ಬಂದಿದ್ದರೆ ಬೇರೆ ಹೇಳ್ತಿದ್ದೆ."

ಊರಿಂದ ಬರುವ ಪ್ರತಿಯೊಬ್ಬರೂ ಆ ಗಾಜಿನ ಮುಂದೆ ನಿಂತು ಇದೇ ಪ್ರಶ್ನೆ ಕೇಳುತ್ತಾರೆ. ಈ ಊರಲ್ಲಿ ವರ್ಷಗಟ್ಟಲೆ ಇದ್ದು, ವಾರಕ್ಕೆ ಎರಡು ಸಲವಾದರೂ ಈ ಸುಟ್ಟ ಮಾಂಸದ ಅನ್ನ ತಿನ್ನುವವಳಾಗಿ ನನ್ನ ಉತ್ತರ ಇಷ್ಟು: ಯಾವ ಮಾಂಸ ಅನ್ನುವುದು ಮೂರನೆಯ ಪ್ರಶ್ನೆ. ಮೊದಲನೆಯದು ಎಷ್ಟು ಹೊತ್ತಿಗೆ ಹೋಗುತ್ತೀರಿ, ಎರಡನೆಯದು ಪ್ರಾಣಿಯ ಯಾವ ಭಾಗ ಕೇಳುತ್ತೀರಿ. ಈ ಎರಡು ಸರಿಯಾದರೆ ಹೆಸರಿಲ್ಲದ ಮೂಲೆ ಅಂಗಡಿಯಲ್ಲೂ ಅದ್ಭುತವಾದ ಊಟ ಸಿಗುತ್ತದೆ. ಇವೆರಡು ತಪ್ಪಿದರೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಹೋದ ಹೆಸರಾಂತ ಅಂಗಡಿಯಲ್ಲೂ ಒಣಗಿದ ಮಾಂಸವೇ ತಟ್ಟೆಗೆ ಬೀಳಬಹುದು.

ಸಿಯು ಮೇ ಅಂದರೆ ಕ್ಯಾಂಟನೀಸ್ ಜನರ ಸುಟ್ಟ ಮಾಂಸದ ಅಡುಗೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಈ ಪದ್ಧತಿ ಹಾಂಗ್‌ಕಾಂಗ್‌ನಲ್ಲಿ ದಿನನಿತ್ಯದ ಊಟವಾಗಿ ಬೇರು ಬಿಟ್ಟಿದೆ. ಇಲ್ಲಿಯ ಮನೆಗಳು ಚಿಕ್ಕವು, ಅಡುಗೆಮನೆ ಇನ್ನೂ ಚಿಕ್ಕದು, ಒಲೆಯ ಜೊತೆ ಓವನ್ ಇರುವ ಮನೆ ಅಪರೂಪ. ಹಾಗಾಗಿ ಇಡೀ ಬಾತನ್ನು ಸುಡುವ ಕೆಲಸ ಅಂಗಡಿಯವನದು. ಆಳೆತ್ತರದ ಸ್ಟೀಲಿನ ಪೀಪಾಯಿಯಂಥ ಒಲೆಯಲ್ಲಿ ಮಾಂಸವನ್ನು ನೇತುಹಾಕಿ ಸುಡುತ್ತಾರೆ. ಕೆಲಸ ಮುಗಿಸಿ ಮನೆಗೆ ಹೋಗುವವರು ದಾರಿಯಲ್ಲಿ ಅರ್ಧ ಬಾತೋ ಒಂದು ಪಟ್ಟಿ ಹಂದಿಯೋ ಕಡಿಸಿಕೊಂಡು ಹೋಗುತ್ತಾರೆ. ಅದಕ್ಕೆ ಇಲ್ಲಿಯವರ ಮಾತು "ಜಾಮ್ ಲಿಯು", ಅಂದರೆ ಕಡಿಸಿಕೊಂಡು ಬರುವುದು. ಮನೆಯಲ್ಲಿ ಅನ್ನ, ಒಂದು ಸೊಪ್ಪು, ಜೊತೆಗೆ ಇದು. ಅನ್ನದ ಜೊತೆ ತಟ್ಟೆಯಲ್ಲಿ ಅಲ್ಲೇ ತಿಂದರೆ ಅದು "ಸಿಯು ಮೇ ಫಾನ್". ಫಾನ್ ಅಂದರೆ ಅನ್ನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಚೈನೀಸ್ ಅಂದರೆ ಗೋಬಿ ಮಂಚೂರಿ, ಕೆಂಪು ಸಾಸು, ಬೆಳ್ಳುಳ್ಳಿ, ಹಸಿಮೆಣಸು. ಆ ನಿರೀಕ್ಷೆ ಇಟ್ಟುಕೊಂಡು ಇಲ್ಲಿ ಕೂರಬೇಡಿ. ಇದರಲ್ಲಿ ಖಾರವೇ ಇಲ್ಲ. ಸಿಹಿ, ಉಪ್ಪು, ಹೊಗೆ, ಕೊಬ್ಬು, ಆ ಕೊಬ್ಬನ್ನು ಹೀರಿಕೊಳ್ಳುವ ಬಿಸಿ ಅನ್ನ. ರುಚಿ ಅಷ್ಟರಲ್ಲೇ ಇರುವುದು.

ಹೊತ್ತು

ಬಹುಪಾಲು ಅಂಗಡಿಗಳಲ್ಲಿ ಮೊದಲ ಸುತ್ತಿನ ಮಾಂಸ ಒಲೆಯಿಂದ ಇಳಿಯುವುದು ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು, ಹೆಚ್ಚುಕಡಿಮೆ ಹನ್ನೊಂದು ಗಂಟೆಯ ಆಸುಪಾಸು. ಎರಡನೆಯ ಸುತ್ತು ಸಂಜೆ ನಾಲ್ಕೂವರೆಯಿಂದ ಆರರ ಒಳಗೆ, ಕಡಿಸಿಕೊಂಡು ಹೋಗುವವರಿಗಾಗಿ. ಹನ್ನೆರಡೂವರೆಗೆ ಆಫೀಸಿನವರೆಲ್ಲ ಒಟ್ಟಿಗೇ ನುಗ್ಗುತ್ತಾರೆ. ಹಾಗಾಗಿ ಹನ್ನೊಂದೂವರೆ ನನ್ನ ಮಟ್ಟಿಗೆ ಚಿನ್ನದಂಥ ಹೊತ್ತು: ಮಾಂಸ ಬಿಸಿ, ಕುರ್ಚಿ ಖಾಲಿ, ಕಡಿಯುವವನಿಗೆ ನಿಮ್ಮ ಮಾತು ಕೇಳಿಸಿಕೊಳ್ಳುವ ವ್ಯವಧಾನ.

ಗಾಜಿನ ಹಿಂದೆ ತೂಗುವುದನ್ನು ನೋಡಿಯೇ ಹೊತ್ತು ಹೇಳಬಹುದು. ಈಗಷ್ಟೇ ಇಳಿದ ಬಾತಿನ ಚರ್ಮ ಡೋಲಿನ ಹಾಗೆ ಬಿಗಿಯಾಗಿರುತ್ತದೆ, ಕೆಳಗಿನ ತಟ್ಟೆಗೆ ಜಿಡ್ಡು ತೊಟ್ಟಿಕ್ಕುತ್ತಿರುತ್ತದೆ. ಮೂರು ನಾಲ್ಕು ತಾಸು ಕಳೆದದ್ದರ ಚರ್ಮ ತೊಡೆಯ ಹತ್ತಿರ ಸುಕ್ಕುಗಟ್ಟಿರುತ್ತದೆ. ಕೆಂಪು ಹಂದಿಯ ಪಟ್ಟಿಯ ತುದಿಗಳು ಒಳಕ್ಕೆ ಮುದುಡಿ ಬಣ್ಣ ಮಂಕಾಗಿದ್ದರೆ ಅದು ಬೆಳಗಿನದು. ತೂಗುವುದು ಒಂದೆರಡೇ ಉಳಿದಿದ್ದರೆ ಬೇಸರ ಬೇಡ, ಹೊಸದು ಯಾವಾಗ ಬರುತ್ತದೆ ಅಂತ ಸನ್ನೆಯಲ್ಲೇ ಕೇಳಿ. ಬೆರಳು ತೋರಿಸಿ ನಿಮಿಷ ಹೇಳುತ್ತಾರೆ. ಹತ್ತು ನಿಮಿಷ ಅಂದರೆ ಕಾಯುವುದೇ ವಾಸಿ.

ಚಾ ಸಿಯು: ಕೆಂಪು ಹಂದಿ

ಒಂದೇ ಒಂದು ಸಲ ತಿನ್ನುವ ಅವಕಾಶ ಇರುವವರಿಗೆ, ಹಂದಿ ತಿನ್ನುವವರಾದರೆ, ನಾನು ಹೇಳುವುದು ಇದನ್ನೇ. ಸರಿಯಾದ ತುಂಡು ಕೇಳಿ ಪಡೆದರೆ ಹೊತ್ತು ಯಾವುದೇ ಆಗಿರಲಿ ಕೈಬಿಡದ ಮಾಂಸ ಇದು. ಕೊಬ್ಬು ಮತ್ತು ಪಾಕ ಎರಡೂ ಇರುವುದರಿಂದ ಬೇಗ ಒಣಗುವುದಿಲ್ಲ.

ಚಾ ಅಂದರೆ ಕವಲುಗೋಲು, ಸಿಯು ಅಂದರೆ ಸುಡುವುದು. ಹಿಂದೆ ಮಾಂಸವನ್ನು ಕವಲುಗೋಲಿಗೆ ಚುಚ್ಚಿ ಬೆಂಕಿಯ ಮೇಲೆ ಹಿಡಿದು ಸುಡುತ್ತಿದ್ದುದರಿಂದ ಬಂದ ಹೆಸರು. ಹಂದಿಯ ಕುತ್ತಿಗೆ-ಭುಜದ ಕಡೆಯ ಮಾಂಸವನ್ನು ಉದ್ದುದ್ದ ಪಟ್ಟಿಯಾಗಿ ಸೀಳಿ, ಸೋಯಾ ಸಾಸ್, ಸಕ್ಕರೆ, ಹೊಯ್ಸಿನ್ ಸಾಸ್, ಐದು ಮಸಾಲೆಯ ಪುಡಿ, ಅಕ್ಕಿಯ ಮದ್ಯ, ಹುದುಗಿಸಿದ ಕೆಂಪು ತೋಫು ಎಲ್ಲ ಸವರಿ ನೆನೆಸುತ್ತಾರೆ. ಸುಟ್ಟು ಇಳಿಸುವ ಹೊತ್ತಿಗೆ ಮಾಲ್ಟೋಸ್ ಪಾಕದಲ್ಲಿ ಅದ್ದುತ್ತಾರೆ. ಆ ಮಿನುಗು, ಆ ಅಂಟು ಅಲ್ಲಿಂದ ಬಂದದ್ದು. ಕೆಂಪು ಬಣ್ಣ ಆ ತೋಫುವಿನಿಂದ ಬರಬಹುದು, ಬಣ್ಣದ ಪುಡಿಯಿಂದಲೂ ಬರಬಹುದು. ಕಣ್ಣಿಗೆ ಹೊಡೆಯುವ ಗುಲಾಬಿ ಕೆಂಪು ಕಂಡರೆ ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ. ಕಂದುಗೆಂಪು ಬಣ್ಣವಿದ್ದು, ಅಂಚಿನಲ್ಲಿ ಅಲ್ಲಲ್ಲಿ ಸೀದು ಕಪ್ಪಾಗಿದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಇಲ್ಲಿ ತುಂಡಿನ ಆಯ್ಕೆಯೇ ಎಲ್ಲ. ಏನೂ ಹೇಳದಿದ್ದರೆ ಕೈಗೆ ಸಿಕ್ಕ ಪಟ್ಟಿಯಿಂದ ಕಡಿದು ಹಾಕುತ್ತಾರೆ, ಅದು ಬರೀ ಮಾಂಸದ ತುಂಡಾಗಿರಬಹುದು. ಮೊದಲ ವರ್ಷ ಹೀಗೇ ಒಂದು ರಾತ್ರಿ ಎಂಟೂವರೆಗೆ ಹೋಗಿ ಬಾಯಿಬಿಡದೆ ತಂದುಕೊಂಡ ಚಾ ಸಿಯು ಹಗ್ಗ ಜಗಿದ ಹಾಗಿತ್ತು. ಇಷ್ಟಕ್ಕೇ ಜನ ಇಷ್ಟೊಂದು ಹೊಗಳುತ್ತಾರಾ ಅನ್ನಿಸಿತ್ತು. ಆಮೇಲೆ ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ ಎರಡು ಮಾತು ಕಲಿಸಿಕೊಟ್ಟಳು. ಒಂದು "ಬೂನ್ ಫೇ ಸಾವ್", ಅರ್ಧ ಕೊಬ್ಬು ಅರ್ಧ ಮಾಂಸ. ಇನ್ನೊಂದು "ನುಂಗ್ ಬಿನ್", ಸೀದ ಅಂಚು. ಈ ಎರಡು ಮಾತು ಕೇಳಿದ ಕೂಡಲೇ ಕಡಿಯುವವನು ಕೈಯಲ್ಲಿದ್ದ ಪಟ್ಟಿ ಪಕ್ಕಕ್ಕಿಟ್ಟು, ಹಿಂದಿನ ಕೊಕ್ಕೆಯಿಂದ ಬೇರೆಯದನ್ನು ಇಳಿಸುತ್ತಾನೆ. ಊಟವೇ ಬೇರೆಯಾಗುತ್ತದೆ. ಸಕ್ಕರೆ ಕರಗಿ ಕಪ್ಪಾದ ಅಂಚು ಮೊದಲು ಹಲ್ಲಿಗೆ ಚಟಕ್ಕೆನ್ನುತ್ತದೆ, ನಂತರ ಕೊಬ್ಬು ಕರಗುತ್ತದೆ, ಕೊನೆಗೆ ಮಾಂಸದ ಉಪ್ಪು ನಾಲಿಗೆಗೆ ಸಿಗುತ್ತದೆ.

ಮಕ್ಕಳ ಮೇಲೆ ಸಿಟ್ಟು ಬಂದಾಗ ಇಲ್ಲಿಯ ತಾಯಂದಿರು ಹೇಳುವ ಮಾತೊಂದಿದೆ: ನಿನ್ನನ್ನು ಹೆರುವ ಬದಲು ಒಂದು ತುಂಡು ಚಾ ಸಿಯು ಹೆತ್ತಿದ್ದರೂ ಚೆನ್ನಾಗಿತ್ತು, ತಿನ್ನಲಾದರೂ ಬರುತ್ತಿತ್ತು! ಈ ಮಾಂಸ ಇವರ ಮನೆಮಾತಿನೊಳಗೆ ಅಷ್ಟು ಬೆರೆತುಹೋಗಿದೆ.

ಯಾರಿಗೆ ಬೇಡ? ಸಿಹಿ ಅಡುಗೆ ಒಗ್ಗದವರಿಗೆ, ಶುಗರ್ ಇರುವವರಿಗೆ. ಪಾಕದಲ್ಲೂ ಸಕ್ಕರೆ, ಅನ್ನದ ಮೇಲೆ ಸುರಿಯುವ ರಸದಲ್ಲೂ ಸಕ್ಕರೆ.

ಸಿಯು ಯುಕ್: ಗರಿಗರಿ ಚರ್ಮದ ಹಂದಿ

ಕೊಡಗಿನವರು, ಮಲೆನಾಡಿನವರು, ಮಂಗಳೂರಿನ ಕ್ರೈಸ್ತ ಮನೆಗಳವರು ಬಂದರೆ ನಾನು ಸೀದಾ ಇದರ ಕಡೆ ಬೆರಳು ತೋರಿಸುತ್ತೇನೆ. ಚರ್ಮ, ಕೊಬ್ಬು, ಮಾಂಸ ಒಂದೇ ತುಂಡಿನಲ್ಲಿ ಇರಬೇಕು ಅನ್ನುವ ನಮ್ಮ ಪಂದಿಕರಿಯ, ಹಂದಿ ಸಾರಿನ ರುಚಿ ಗೊತ್ತಿದ್ದವರಿಗೆ ಇದು ಪರಿಚಯದ ನೆಲ. ನಾವು ಚರ್ಮವನ್ನು ಬೇಯಿಸಿ ಮೆತ್ತಗೆ ಮಾಡುತ್ತೇವೆ, ಇವರು ಅದೇ ಚರ್ಮವನ್ನು ಹಪ್ಪಳ ಮಾಡುತ್ತಾರೆ.

ಹೊಟ್ಟೆಯ ಭಾಗದ ಚರ್ಮಕ್ಕೆ ಸೂಜಿಯಂಥ ಮೊನೆಗಳಿಂದ ಒತ್ತೊತ್ತಾಗಿ ಚುಚ್ಚಿ, ಉಪ್ಪು ತಿಕ್ಕಿ, ಗಾಳಿಗೆ ಚೆನ್ನಾಗಿ ಒಣಗಿಸಿ, ಜೋರು ಉರಿಯಲ್ಲಿ ಸುಡುತ್ತಾರೆ. ಚರ್ಮದ ಮೇಲೆ ಎಳ್ಳಿನ ಗಾತ್ರದ ಗುಳ್ಳೆಗಳು ಸಮನಾಗಿ ಏಳಬೇಕು. ದೊಡ್ಡ ಗುಳ್ಳೆ ಎದ್ದು, ನಡುವೆ ಗಾಜಿನ ಹಾಗೆ ನುಣುಪು ಜಾಗ ಉಳಿದಿದ್ದರೆ ಅದು ಹಲ್ಲಿಗೆ ಗಟ್ಟಿ. ಮಾಂಸಕ್ಕೆ ಉಪ್ಪು ಮತ್ತು ಐದು ಮಸಾಲೆ ಬಿಟ್ಟರೆ ಹೆಚ್ಚೇನೂ ಇಲ್ಲ, ಹಾಗಾಗಿ ಹಂದಿಯ ಗುಣ ಮುಚ್ಚಿಡಲು ಆಗುವುದಿಲ್ಲ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ: ಮಚ್ಚು ಚರ್ಮಕ್ಕೆ ತಾಗಿದಾಗ ಒಣಗಿದ ಸೌದೆ ಸೀಳಿದ ಸದ್ದು ಬಂದರೆ ಕೇಳಿ, ದಪ್ಪನೆ ಧಪ್ ಅಂದರೆ ಅವತ್ತು ಬಿಟ್ಟುಬಿಡಿ.

ಇದು ಹೊತ್ತಿನ ಮಾಂಸ. ಈ ಊರಿನ ಹವೆ ವರ್ಷದ ಬಹುಪಾಲು ನಮ್ಮ ಕರಾವಳಿಯದರಷ್ಟೇ ತೇವ. ಬೆಳಗ್ಗೆ ಇಳಿದದ್ದು ಸಂಜೆಗೆ ಗರಿ ಕಳೆದುಕೊಂಡು ತೊಗಲಾಗುತ್ತದೆ. ಮಧ್ಯಾಹ್ನ ಎರಡರ ಮೇಲೆ ಹೊಸದು ಇಳಿದಿರುವುದನ್ನು ಕಣ್ಣಾರೆ ಕಂಡ ಹೊರತು ನಾನು ತೆಗೆದುಕೊಳ್ಳುವುದಿಲ್ಲ. ಕೇಳುವಾಗ "ಫೋ ನಾಮ್" ಅನ್ನಿ, ಕೊಬ್ಬು-ಮಾಂಸ ಪದರ ಪದರವಾಗಿರುವ ಹೊಟ್ಟೆಯ ತುಂಡು ಸಿಗುತ್ತದೆ. ಜೊತೆಗೆ ಹಳದಿ ಸಾಸಿವೆ ಕೊಟ್ಟರೆ ಒಂದು ಚೂರು ಮುಟ್ಟಿಸಿ ತಿನ್ನಿ, ಕೆಲವು ಕಡೆ ಸಕ್ಕರೆಯನ್ನೂ ಕೊಡುತ್ತಾರೆ. ಏಪ್ರಿಲ್ ಮೊದಲ ವಾರದ ಚಿಂಗ್ ಮಿಂಗ್ ಹಬ್ಬಕ್ಕೆ ಇಲ್ಲಿಯವರು ಹಿರಿಯರ ಸಮಾಧಿಗೆ ಇಡೀ ಸುಟ್ಟ ಹಂದಿಯನ್ನು ಒಯ್ದು, ಎಡೆ ಇಟ್ಟು, ಆಮೇಲೆ ಮನೆಮಂದಿ ಹಂಚಿಕೊಂಡು ತಿನ್ನುತ್ತಾರೆ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವುದನ್ನು ನೋಡುತ್ತ ಬೆಳೆದ ನನಗೆ ಮೊದಲ ಸಲ ಅದನ್ನು ಕಂಡಾಗ ಮನಸ್ಸು ತುಂಬಿ ಬಂತು.

ಬಾತೋ, ಹೆಬ್ಬಾತೋ?

ನಾವು ಶಾಲೆಯಲ್ಲಿ ಕ ಖ ಗ ಘ ಅಂದ ಮೇಲೆ ಙ ಅಂತ ಒಂದು ಅಕ್ಷರ ಕಲಿತಿದ್ದೆವು, ನೆನಪಿದೆಯಾ? ಅದರಿಂದ ಶುರುವಾಗುವ ಕನ್ನಡ ಪದವೇ ಇಲ್ಲ. ಹಾಂಗ್‌ಕಾಂಗ್‌ಗೆ ಬಂದ ಮೇಲೆ ಆ ಅಕ್ಷರ ನನಗೆ ಊಟ ಕೊಡಿಸುತ್ತಿದೆ. ಕ್ಯಾಂಟನೀಸ್‌ನಲ್ಲಿ ಹೆಬ್ಬಾತಿಗೆ "ಙೋ" ಅನ್ನುತ್ತಾರೆ. "ಸಿಯು ಙೋ ಫಾನ್" ಅಂದರೆ ಸುಟ್ಟ ಹೆಬ್ಬಾತಿನ ಅನ್ನ. ಇಂಗ್ಲಿಷ್ ಮಾತ್ರ ಬಲ್ಲ ಪ್ರವಾಸಿಗರು ಈ ಪದಕ್ಕೆ ಒದ್ದಾಡುತ್ತಾರೆ, ಕನ್ನಡದ ವರ್ಣಮಾಲೆ ಓದಿದವರ ಬಾಯಿಗೆ ಸಲೀಸು. ಬಾತಿಗೆ "ಆಪ್", ಸುಟ್ಟ ಬಾತು "ಸಿಯು ಆಪ್".

ಎರಡನ್ನೂ ತಯಾರಿಸುವ ಕ್ರಮ ಒಂದೇ. ಚರ್ಮ ಮತ್ತು ಮಾಂಸದ ನಡುವೆ ಗಾಳಿ ತುಂಬಿ ಬೇರ್ಪಡಿಸುತ್ತಾರೆ, ಹೊಟ್ಟೆಯೊಳಗೆ ಮಸಾಲೆಯ ರಸ ತುಂಬಿ ಹೊಲಿಯುತ್ತಾರೆ, ಕುದಿನೀರು ಹೊಯ್ದು, ವಿನೆಗರ್ ಬೆರೆಸಿದ ಮಾಲ್ಟೋಸ್ ಪಾಕ ಸವರಿ, ಒಣಗಲು ಬಿಟ್ಟು, ಆಮೇಲೆ ಒಲೆಯಲ್ಲಿ ನೇತುಹಾಕುತ್ತಾರೆ. ಹೊರಗಿನಿಂದ ಬೆಂಕಿ, ಒಳಗಿನಿಂದ ಕುದಿಯುವ ರಸ. ಕಡಿಯುವ ಮುನ್ನ ಆ ರಸವನ್ನು ಬಟ್ಟಲಿಗೆ ಬಸಿದು, ಅದನ್ನೇ ಮಾಂಸದ ಮೇಲೆ ಸುರಿಯುತ್ತಾರೆ. ಬೀಜಿಂಗ್ ಬಾತಿಗೂ ಇದಕ್ಕೂ ಇಲ್ಲೇ ವ್ಯತ್ಯಾಸ. ಬೀಜಿಂಗ್‌ನದು ಚರ್ಮಕ್ಕಾಗಿ, ತೆಳು ರೊಟ್ಟಿಯಲ್ಲಿ ಸುತ್ತಿ ತಿನ್ನುವುದು. ಇದು ಎಲುಬಿನ ಸಮೇತ ಕಡಿದು, ರಸದೊಂದಿಗೆ ಅನ್ನಕ್ಕೆ ಕಲಸುವುದು. ಅನ್ನ-ಸಾರಿನ ನಾಡಿನವರಿಗೆ ಈ ಎರಡನೆಯದೇ ಹತ್ತಿರ ಅಂತ ನನ್ನ ಅನುಭವ.

ಹೆಬ್ಬಾತಿನ ಮಾಂಸ ಗಾಢ ಬಣ್ಣದ್ದು, ರುಚಿಯೂ ಗಾಢ. ಚರ್ಮದ ಕೆಳಗೆ ದಪ್ಪನೆಯ ಕೊಬ್ಬಿನ ಪದರ. ಬಾತು ತೆಳುವು, ಕೊಬ್ಬು ಕಡಿಮೆ, ಬೆಲೆಯೂ ಕಡಿಮೆ. ಹೆಬ್ಬಾತು ದೊಡ್ಡ ಹಕ್ಕಿಯಾದ್ದರಿಂದ ಎಲುಬಿನ ಮೇಲೆ ಮಾಂಸ ಹೆಚ್ಚು, ಬಾತಿನ ತುಂಡಿನಲ್ಲಿ ಚೂರು ಎಲುಬು ಜಾಸ್ತಿ. ಚಿಕ್ಕ ಮಕ್ಕಳ ತಟ್ಟೆಗೆ ಬಾತು ಹಾಕುವಾಗ ಜೋಪಾನ.

ಹಾಗಾದರೆ ಹೆಬ್ಬಾತೇ ಮೇಲಾ? ಸರಿಯಾದ ಭಾಗ ಸಿಕ್ಕರೆ ಹೌದು, ಸಿಗದಿದ್ದರೆ ಅಲ್ಲ. ಕೆಳಭಾಗಕ್ಕೆ "ಹಾ ಜೋಂಗ್" ಅನ್ನುತ್ತಾರೆ, ತೊಡೆ ಇರುವ ಕಡೆ. ಮೇಲ್ಭಾಗಕ್ಕೆ "ಸ್ಯೋಂಗ್ ಜೋಂಗ್", ಎದೆ-ರೆಕ್ಕೆಯ ಕಡೆ. ರಸ ಇಳಿದು ನಿಲ್ಲುವುದೂ ಕೊಬ್ಬು ಹೆಚ್ಚಿರುವುದೂ ಕೆಳಗೆ. ಎದೆಯ ಮಾಂಸ ಬೇಗ ಒಣಗುತ್ತದೆ. ಹಾ ಜೋಂಗ್‌ಗೆ ಒಂದಿಷ್ಟು ಹೆಚ್ಚು ಕೊಡಬೇಕಾಗುತ್ತದೆ, ಕೊಡಿ. ಹೆಬ್ಬಾತಿನ ಎದೆ ಮತ್ತು ಬಾತಿನ ತೊಡೆ ಒಂದೇ ಬೆಲೆಗೆ ಸಿಗುವುದಾದರೆ ನಾನು ಕಣ್ಣುಮುಚ್ಚಿ ಬಾತಿನ ತೊಡೆ ಆರಿಸುತ್ತೇನೆ. ಹೆಬ್ಬಾತಿನ ಎಡಗಾಲೇ ಮೃದು, ಯಾಕೆಂದರೆ ಅದು ಬಲಗಾಲಿನ ಮೇಲೆ ನಿಲ್ಲುತ್ತದೆ ಅಂತ ಇಲ್ಲಿ ಒಂದು ನಂಬಿಕೆ ಇದೆ. ಹಳಬರು ಈಗಲೂ ಎಡಗಾಲನ್ನೇ ಕೇಳುತ್ತಾರೆ. ನಾನು ಎರಡೂ ತಿಂದಿದ್ದೇನೆ, ನನ್ನ ನಾಲಿಗೆಗೆ ವ್ಯತ್ಯಾಸ ಸಿಕ್ಕಿಲ್ಲ.

ಹೆಬ್ಬಾತಿಗೂ ಋತುವಿದೆ. ಏಪ್ರಿಲ್‌ನ ಚಿಂಗ್ ಮಿಂಗ್ ಮತ್ತು ಅಕ್ಟೋಬರ್ ಹೊತ್ತಿಗೆ ಬರುವ ಚುಂಗ್ ಯೂಂಗ್ ಹಬ್ಬಗಳ ಆಸುಪಾಸು ಹಕ್ಕಿ ಚೆನ್ನಾಗಿ ಮೈದುಂಬಿರುತ್ತದೆ ಅಂತ ಬಲ್ಲವರು ಹೇಳುತ್ತಾರೆ. ಆ ದಿನಗಳಲ್ಲಿ ಬಂದವರು ಹೆಬ್ಬಾತು ತಿನ್ನದೆ ಹೋಗಬಾರದು.

ಜೊತೆಗೆ ಕೊಡುವ ಹುಳಿ ಪ್ಲಮ್ ಸಾಸನ್ನು ಕಡೆಗಣಿಸಬೇಡಿ. ನಮ್ಮ ಪಂದಿಕರಿಗೆ ಕಾಚಂಪುಳಿ ಹಾಕುವುದು ಯಾತಕ್ಕೋ ಅದೇ ಕಾರಣಕ್ಕೆ ಇದು. ಕೊಬ್ಬಿನ ಭಾರವನ್ನು ಹುಳಿ ಕಡಿಯುತ್ತದೆ.

ಕೋಳಿ

ಇಲ್ಲಿರುವ ಎರಡು ಬಗೆಯ ಕೋಳಿಯನ್ನೂ ಸುಟ್ಟಿರುವುದಿಲ್ಲ. ಒಂದು ಸೋಯಾ ಸಾಸ್, ಕಲ್ಲುಸಕ್ಕರೆ, ಚಕ್ರಮೊಗ್ಗು ಹಾಕಿದ ರಸದಲ್ಲಿ ಬೆಂದದ್ದು, "ಯಾವ್ ಗಾಯ್". ಇನ್ನೊಂದು ಬರೀ ನೀರಿನಲ್ಲಿ, ಕುದಿ ಬರಿಸದೆ ಹದವಾದ ಬಿಸಿಯಲ್ಲಿ ಬೇಯಿಸಿದ ಬಿಳಿ ಕೋಳಿ, "ಪಾಕ್ ಚಿತ್ ಗಾಯ್". ಬಿಳಿ ಕೋಳಿಯ ಎಲುಬಿನ ಹತ್ತಿರ ನಸುಗೆಂಪು ಕಾಣುವುದುಂಟು, ಅದನ್ನು ಕಂಡು ನಮ್ಮವರಲ್ಲಿ ಅರ್ಧ ಜನ ತಟ್ಟೆ ಸರಿಸುತ್ತಾರೆ. ಮನಸ್ಸು ಒಪ್ಪದಿದ್ದರೆ ಸೋಯಾ ಕೋಳಿ ತೆಗೆದುಕೊಳ್ಳಿ. ಶುಗರ್ ಇರುವ ಹಿರಿಯರಿಗೆ, ಜಿಡ್ಡು ಬೇಡದವರಿಗೆ ಬಿಳಿ ಕೋಳಿ ಒಳ್ಳೆಯದು. ಅದರ ಜೊತೆ ಬರುವ ಶುಂಠಿ-ಈರುಳ್ಳಿಸೊಪ್ಪಿನ ಎಣ್ಣೆ ಮಾತ್ರ ಎಲ್ಲರೂ ಕೇಳಿ ಪಡೆಯಬೇಕಾದ್ದು. ಹಸಿ ಶುಂಠಿ ಜಜ್ಜಿ, ಈರುಳ್ಳಿಸೊಪ್ಪು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ಮೇಲೆ ಕಾದ ಎಣ್ಣೆ ಸುರಿದಿರುತ್ತಾರೆ. "ಖಾರ ಏನಾದರೂ ಇದೆಯೇನಮ್ಮಾ?" ಅಂತ ಚಿಕ್ಕಪ್ಪ ಕೇಳಿದಾಗ ನಾನು ಇದನ್ನೇ ತರಿಸಿಕೊಟ್ಟೆ. ಆಮೇಲೆ ಅವರು ಮೂರು ಸಲ ತರಿಸಿಕೊಂಡರು. ಅನ್ನಕ್ಕೆ ಬರೀ ಇದನ್ನೇ ಕಲಸಿಕೊಂಡರೂ ನಡೆಯುತ್ತದೆ.

ತಟ್ಟೆ ಹೇಗೆ ಕಟ್ಟುವುದು

ಒಂದೇ ಮಾಂಸವಾ, ಎರಡಾ? ಎರಡು ಬಗೆ ಒಂದೇ ತಟ್ಟೆಯಲ್ಲಿ ಬೇಕಾದರೆ "ಸ್ಯೋಂಗ್ ಪಿಂಗ್". ಮೊದಲ ಸಲ ಬಂದವರಿಗೆ ನಾನು ಹೇಳುವುದು ಇದನ್ನೇ, ಆದರೆ ಜೋಡಿ ನೋಡಿ ಮಾಡಿ. ಚಾ ಸಿಯು ಜೊತೆ ಬಿಳಿ ಕೋಳಿ: ಸಿಹಿಗೆ ಸಪ್ಪೆ, ಕೊಬ್ಬಿಗೆ ಶುಂಠಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಸಿಯು ಯುಕ್ ಜೊತೆ ಹೆಬ್ಬಾತು ಬೇಡ, ಎರಡೂ ಕೊಬ್ಬು, ಅರ್ಧ ತಟ್ಟೆಗೇ ಸಾಕಾಗಿಬಿಡುತ್ತದೆ. ಸಿಯು ಯುಕ್ ಜೊತೆ ಸೋಯಾ ಕೋಳಿ ಹೊಂದುತ್ತದೆ. ಮೂರು ನಾಲ್ಕು ಬಗೆಯನ್ನು ಒಂದೇ ತಟ್ಟೆಗೆ ತುಂಬಿ, ಮೇಲೊಂದು ಅರ್ಧ ಉಪ್ಪುಮೊಟ್ಟೆ ಇಟ್ಟು ಕೊಡುವುದೂ ಉಂಟು. ಹೊಟ್ಟೆ ತುಂಬುತ್ತದೆ, ಆದರೆ ಒಂದೊಂದರದೂ ಎರಡೇ ತುಂಡು ಬರುವುದರಿಂದ ಯಾವುದರ ಸ್ವಾರಸ್ಯವೂ ಬಾಯಲ್ಲಿ ನಿಲ್ಲುವುದಿಲ್ಲ.

ಒಂದು ಸಲ ಕಡಿಯುವವನ ಕೈ ಕಾಣುವ ಕಡೆ ಕೂತು ನೋಡಿ. ಮರದ ದಿಮ್ಮಿಯನ್ನು ಅಡ್ಡಡ್ಡ ಕೊಯ್ದ ದುಂಡನೆಯ ಕೊರಡು, ವರ್ಷಾನುಗಟ್ಟಲೆ ಏಟು ತಿಂದು ನಡುವೆ ತಗ್ಗಾಗಿದೆ. ಅಗಲ ಮಚ್ಚು ನಾಲ್ಕೈದು ಸಲ ಬೀಳುತ್ತದೆ, ಒಂದೊಂದು ಏಟಿಗೂ ಒಂದೊಂದು ತುಂಡು, ತುಂಡು ತುಂಡಿಗೂ ಒಂದೇ ಅಳತೆ. ಆಮೇಲೆ ಮಚ್ಚನ್ನು ಮಲಗಿಸಿ ಅಷ್ಟನ್ನೂ ಸಾಲು ಕೆಡದಂತೆ ಒಟ್ಟಿಗೇ ಎತ್ತಿ ಅನ್ನದ ಮೇಲೆ ಜಾರಿಸುತ್ತಾನೆ. ಕೊನೆಗೆ ಸ್ಟೀಲಿನ ಪಾತ್ರೆಯಿಂದ ಒಂದು ಸೌಟು ರಸ.

ಆ ರಸ ಎಷ್ಟು ಅನ್ನುವುದು ನಮ್ಮಂಥವರಿಗೆ ಮುಖ್ಯ. ಇಲ್ಲಿಯ ಅನ್ನ ಉದ್ದಕ್ಕಿಯದು, ಬೇಯಿಸುವಾಗ ಏನೂ ಬೆರೆಸದ ಬಿಳಿ ಅನ್ನ. ಸಾರು-ಹುಳಿ ಕಲಸಿ ಉಂಡವರಿಗೆ ಒಂದು ಸೌಟು ಸಾಲುವುದಿಲ್ಲ. "ದೋ ಜಾಪ್" ಅಂದರೆ ಇನ್ನೊಂದು ಸೌಟು ಹಾಕುತ್ತಾರೆ. ಹೆಬ್ಬಾತಿಗೆ ಮಾತ್ರ ನಾನು ಅನ್ನಕ್ಕೆ ಬದಲು ಕೆಲವೊಮ್ಮೆ ಲಾಯ್ ಫನ್ ಕೇಳುತ್ತೇನೆ. ಅಕ್ಕಿಯ ದಪ್ಪ ಶಾವಿಗೆ, ಬಿಸಿ ಸಾರಿನಲ್ಲಿ ತೇಲುತ್ತ ಬರುತ್ತದೆ, ಮೇಲೆ ಹೆಬ್ಬಾತಿನ ಕಾಲು. ಜನವರಿಯ ಚಳಿಗೆ ಅದರ ಮುಂದೆ ಅನ್ನ ಸೋಲುತ್ತದೆ. ಉಳಿದ ಎಲ್ಲ ಮಾಂಸಕ್ಕೂ ಅನ್ನವೇ.

ಎಂಥ ಅಂಗಡಿ?

ಮೂಲೆ ಅಂಗಡಿಯಲ್ಲಿ ಎರಡು ಮಾಂಸದ ಒಂದು ತಟ್ಟೆಗೆ 50ರಿಂದ 70 ಹಾಂಗ್‌ಕಾಂಗ್ ಡಾಲರ್ ಆಸುಪಾಸು ಆಗುತ್ತದೆ. ಗೊತ್ತಿಲ್ಲದವರ ಜೊತೆ ಒಂದೇ ಮೇಜಿನಲ್ಲಿ ಕೂರಬೇಕು, ಕೂತ ಕೂಡಲೇ ನೀರಾದ ಚಹಾ ಬರುತ್ತದೆ, ಉಂಡು ಎದ್ದುಬಿಡಬೇಕು. ಅಲ್ಲಿ ಯಾರೂ ಒರಟರಲ್ಲ, ಅವಸರದವರು ಅಷ್ಟೇ. "ಮ್ ಗೋಯ್" ಅಂತ ಒಂದು ಮಾತು ಸೇರಿಸಿದರೆ ಮುಖ ಅರಳುತ್ತದೆ. ದಯವಿಟ್ಟು ಅನ್ನುವುದಕ್ಕೂ ಥ್ಯಾಂಕ್ಸ್ ಅನ್ನುವುದಕ್ಕೂ ಅದೊಂದೇ ಮಾತು. ಕಫೆ ಡಿ ಕೊರಲ್‌ನಂಥ ಸರಣಿ ಹೋಟೆಲುಗಳಲ್ಲೂ ಸಿಯು ಮೇ ಅನ್ನ ಸಿಗುತ್ತದೆ. ಚಿತ್ರ ನೋಡಿ ಆರಿಸಬಹುದು, ವಯಸ್ಸಾದವರನ್ನು ಕರೆದುಕೊಂಡು ನೆಮ್ಮದಿಯಾಗಿ ಕೂರಬಹುದು. ಆದರೆ ಇಂಥ ಅಂಚು ಕೊಡಿ, ಇಂಥ ತೊಡೆ ಕೊಡಿ ಅಂತ ಕೇಳುವ ಸಲುಗೆ ಮೂಲೆ ಅಂಗಡಿಯಲ್ಲೇ ಹೆಚ್ಚು.

ಹೆಸರಾಂತ ಹೆಬ್ಬಾತಿನ ಮನೆಗಳ ಮಾತು ಬೇರೆ. ಸೆಂಟ್ರಲ್ ಬಡಾವಣೆಯ ವೆಲಿಂಗ್ಟನ್ ಸ್ಟ್ರೀಟ್‌ನಲ್ಲಿರುವ ಯುಂಗ್ ಕೀ 1942ರಿಂದ ನಡೆದುಬಂದಿದೆ. ಅದರ ಹೆಬ್ಬಾತನ್ನು ಜನ ವಿಮಾನದಲ್ಲಿ ಒಯ್ಯುತ್ತಿದ್ದುದರಿಂದ "ಹಾರುವ ಹೆಬ್ಬಾತು" ಅಂತಲೇ ಹೆಸರಾಯಿತು. ವಾನ್ ಚಾಯ್‌ನ ಕಾಮ್ಸ್ ರೋಸ್ಟ್ ಗೂಸ್ 2014ರಲ್ಲಿ ಶುರುವಾಗಿ ಬಹುಬೇಗ ಮಿಶೆಲಿನ್ ತಾರೆ, ಅಂದರೆ ಒಳ್ಳೆಯ ಹೋಟೆಲುಗಳಿಗೆ ಮಿಶೆಲಿನ್ ಗೈಡ್ ಕೊಡುವ ಮನ್ನಣೆ, ಪಡೆಯಿತು. ಸ್ಟ್ಯಾನ್ಲಿ ಸ್ಟ್ರೀಟ್‌ನ ಯಾಟ್ ಲೊಕ್ ಕೂಡ ತಾರೆ ಪಡೆದದ್ದೇ. ಊರಾಚೆಯ ಶಾಮ್ ತ್ಸೆಂಗ್ ಅನ್ನುವ ಕಡಲ ಬದಿಯ ಹಳ್ಳಿ ಇಡಿಯಾಗಿ ಹೆಬ್ಬಾತಿಗೇ ಹೆಸರುವಾಸಿ. ನಾಲ್ಕಾರು ಜನ ಇದ್ದು, ಅರ್ಧ ಹಕ್ಕಿಯೋ ಇಡೀ ಹಕ್ಕಿಯೋ ತರಿಸಿಕೊಂಡು ಹಂಚಿಕೊಳ್ಳುವುದಾದರೆ ಇಂಥ ಜಾಗಕ್ಕೆ ಹೋಗಿ. ಒಬ್ಬರೇ ಇದ್ದು ಒಂದು ತಟ್ಟೆ ಅನ್ನ ಸಾಕು ಅಂದರೆ ಸಾಲಿನಲ್ಲಿ ಕಳೆಯುವ ಹೊತ್ತಿಗೆ ಬೆಲೆಯಿಲ್ಲ. ಅದೇ ದುಡ್ಡಿಗೆ ಮೂಲೆ ಅಂಗಡಿಯಲ್ಲಿ ಎರಡು ಮೂರು ದಿನ ಉಣ್ಣಬಹುದು.

ಸಿಂಗಾಪುರಕ್ಕೆ ಹೋಗುವವರಿಗೂ ಒಂದೆರಡು ಮಾತು. ಅಲ್ಲಿ ಈ ಊಟ ಗೂಡಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಹಾಕರ್ ಸೆಂಟರ್‌ಗಳಲ್ಲಿ ಸಿಗುತ್ತದೆ. ಚೈನಾಟೌನ್ ಕಾಂಪ್ಲೆಕ್ಸ್‌ನ ಒಂದು ಚಿಕ್ಕ ಗೂಡಂಗಡಿಯಲ್ಲಿ ಚಾನ್ ಹೊನ್ ಮೆಂಗ್ ಅವರು ಮಾಡುತ್ತಿದ್ದ ಸೋಯಾ ಕೋಳಿಗೆ 2016ರಲ್ಲಿ ಮಿಶೆಲಿನ್ ತಾರೆ ಸಿಕ್ಕಿತು. ಆಗ ಒಂದು ತಟ್ಟೆಗೆ 2 ಸಿಂಗಾಪುರ ಡಾಲರ್. 2021ರಲ್ಲಿ ಆ ತಾರೆ ಹೋಯಿತು, ಆದರೆ ಬೀದಿಬದಿಯ ಊಟಕ್ಕೂ ಆ ಮನ್ನಣೆ ಸಲ್ಲಬಹುದು ಅಂತ ಲೋಕಕ್ಕೆ ತೋರಿಸಿದವುಗಳಲ್ಲಿ ಆ ತಟ್ಟೆಯೂ ಒಂದು. ಅಲ್ಲಿ ಅನ್ನದ ಮೇಲೆ ಗಟ್ಟಿ ರಸ ಸುರಿಯುತ್ತಾರೆ, ಪಕ್ಕಕ್ಕೆ ಸೌತೆಕಾಯಿ, ಜೊತೆಗೆ ಮೆಣಸಿನಕಾಯಿ ಸಾಸು. ಖಾರ ಬಿಟ್ಟಿರಲಾರದ ನಮ್ಮವರಿಗೆ ಸಿಂಗಾಪುರದ ತಟ್ಟೆ ಹೆಚ್ಚು ಹಿಡಿಸುತ್ತದೆ. ಕೌಲಾಲಂಪುರದ ಚಾ ಸಿಯು ಇನ್ನೂ ಕಪ್ಪು, ಇನ್ನೂ ಅಂಟು, ಹೆಚ್ಚು ಕೊಬ್ಬಿನದು. ಒಮ್ಮೆ ತಿಂದರೆ ಮರೆಯುವುದಿಲ್ಲ. ಆದರೂ ಮಾಂಸದ ಹದ, ಚರ್ಮದ ಗರಿ ನೋಡಿದರೆ ನನ್ನ ಓಟು ಹಾಂಗ್‌ಕಾಂಗ್‌ಗೆ.

ತಿನ್ನದವರ ಜೊತೆ ಹೋದಾಗ

ಚಿಕ್ಕಮ್ಮ ಹಂದಿ ಮುಟ್ಟುವುದಿಲ್ಲ. ಅವರಿಗೆ ಸೋಯಾ ಕೋಳಿ ಹೇಳಿದೆ, ಆದರೆ ಒಂದು ವಿಷಯ ಮುಂಚೆಯೇ ಹೇಳಿಬಿಟ್ಟೆ: ಕೊರಡು ಒಂದೇ, ಮಚ್ಚು ಒಂದೇ, ಅನ್ನದ ಮೇಲೆ ಸುರಿಯುವ ರಸಕ್ಕೆ ಹಂದಿಯದೂ ಸೇರಿರಬಹುದು. ಅಷ್ಟು ಕಟ್ಟುನಿಟ್ಟು ಇರುವವರಿಗೆ ಈ ಅಂಗಡಿ ಸೂಕ್ತವಲ್ಲ, ಅದನ್ನು ಮುಚ್ಚಿಟ್ಟು ಕರೆದುಕೊಂಡು ಹೋಗಬಾರದು. ದನದ ಮಾಂಸ ಸಿಯು ಮೇ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಅದೇ ಅಡುಗೆಮನೆಯ ಬೇರೆ ತಿನಿಸುಗಳಲ್ಲಿ ಇರಬಹುದು. ಸಸ್ಯಾಹಾರಿಗಳಿಗೆ ಇಲ್ಲಿ ಬೆಂದ ಸೊಪ್ಪು ಬಿಟ್ಟರೆ ಏನೂ ಇಲ್ಲ, ಅದರ ಮೇಲೂ ಸಿಂಪಿ ಸಾಸ್ ಸುರಿಯುತ್ತಾರೆ. ಬದಲಿಗೆ ಬೌದ್ಧರ ಸಸ್ಯಾಹಾರಿ ಹೋಟೆಲಿಗೆ ಹೋಗಿ "ಜಾಯ್ ಚಾ ಸಿಯು" ಕೇಳಿ. ಗೋಧಿಯ ಅಂಟಿನಿಂದ ಮಾಡಿ, ಅದೇ ಕೆಂಪು ಸಿಹಿ ರಸ ಹಚ್ಚಿರುತ್ತಾರೆ. ನಮ್ಮ ಸಸ್ಯಾಹಾರಿ ಸ್ನೇಹಿತರು ಅದನ್ನು ಮೆಚ್ಚಿ ತಿಂದಿದ್ದಾರೆ.

ಮನೆಗೆ ಒಯ್ಯುವುದಾದರೆ

ಕಡಿಸಿಕೊಂಡು ಹೋಗುವಾಗ ಆಯ್ಕೆ ಬದಲಾಗುತ್ತದೆ. ಮುಚ್ಚಿದ ಡಬ್ಬಿಯ ಹಬೆಗೆ ಗರಿ ಉಳಿಯದ ಕಾರಣ ಸಿಯು ಯುಕ್ ಒಯ್ಯಬೇಡಿ, ಒಯ್ದರೂ ಮುಚ್ಚಳ ಸ್ವಲ್ಪ ತೆರೆದಿಡಿ. ಚಾ ಸಿಯು, ಸೋಯಾ ಕೋಳಿ ಒಯ್ಯಲು ಹೇಳಿ ಮಾಡಿಸಿದ್ದು. ರಸವನ್ನು ಬೇರೆ ಕಟ್ಟಿಸಿಕೊಳ್ಳಿ. ಉಳಿದ ಚಾ ಸಿಯುವನ್ನು ಸಣ್ಣಗೆ ಹೆಚ್ಚಿ ಮರುದಿನ ಮೊಟ್ಟೆ ಜೊತೆ ಅನ್ನಕ್ಕೆ ಹುರಿದರೆ ಮಕ್ಕಳ ಡಬ್ಬಿ ಖಾಲಿಯಾಗಿ ವಾಪಸು ಬರುತ್ತದೆ. ಹೆಬ್ಬಾತಿನ ಎಲುಬನ್ನು ಎಸೆಯಬೇಡಿ. ಹೀಗೆ ಹೆಬ್ಬಾತು ಕಡಿಸಿಕೊಂಡು ಬಂದ ಒಂದು ರಾತ್ರಿ ಚಿಕ್ಕಮ್ಮ ಆ ಎಲುಬುಗಳನ್ನು ಕಂಡು, "ಇಷ್ಟು ಮಾಂಸ ಅಂಟಿಕೊಂಡಿದೆಯಲ್ಲೇ" ಅಂತ ಪಾತ್ರೆ ಕೇಳಿದರು. ಒಂದು ಹಿಡಿ ಅಕ್ಕಿ, ಒಂದು ತುಂಡು ಶುಂಠಿ, ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ ಎಲುಬಿನ ಜೊತೆ ಎರಡು ತಾಸು ಸಣ್ಣ ಉರಿಯಲ್ಲಿ ಬೇಯಲು ಬಿಟ್ಟರು. ಇಲ್ಲಿಯವರು ಅದೇ ಎಲುಬಿನಲ್ಲಿ ಮಾಡುವ ಗಂಜಿಯೂ ಹೆಚ್ಚುಕಡಿಮೆ ಹೀಗೇ, ಕಾಳುಮೆಣಸಿನ ಬದಲು ಬಿಳಿಮೆಣಸಿನ ಪುಡಿ ಉದುರಿಸುತ್ತಾರೆ. ಬೆಳಗ್ಗೆ ಎದ್ದಾಗ ಚಿಕ್ಕಪ್ಪ ಆಗಲೇ ಎರಡನೇ ಬಟ್ಟಲು ಮುಗಿಸುತ್ತಿದ್ದರು.